ಡಾಲಿಯ ‘ಡಿವೈನ್ ಕಾಮಿಡಿ’ ಪ್ರಿಂಟಿಗೆ ಪೆನ್ಸಿಲ್ ಸಹಿ ಇದ್ದರೆ ಹೆಚ್ಚು ದುಡ್ಡು ಕೊಡಬಹುದೇ?

ಬಿಡಿ ಹಾಳೆ, ಫ್ರೇಮು ಹಾಕಿದ್ದು, ಕೆಳಗೆ ಪೆನ್ಸಿಲ್ ಸಹಿ, ಸಹಿಗೆಂದೇ ಮೂರು ಪಟ್ಟು ಬೆಲೆ ಎಂದಿದ್ದೀರಿ. ನಾನಾದರೆ ಆ ಸಹಿಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ.

ಇಟಲಿಯ ಕವಿ ಡಾಂಟೆಯ ‘ಡಿವೈನ್ ಕಾಮಿಡಿ’ ಕಾವ್ಯಕ್ಕೆ ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ 1950ರ ದಶಕದಲ್ಲಿ ಬರೆದದ್ದು 100 ಜಲವರ್ಣ ಚಿತ್ರ. ಅವನ್ನು ಪ್ಯಾರಿಸ್‌ನಲ್ಲಿ ರೇಮಂಡ್ ಜಾಕೆ ಮತ್ತು ಸಂಗಡಿಗರು ಸುಮಾರು 3,500 ಮರದಚ್ಚುಗಳಲ್ಲಿ ಕೆತ್ತಿದರು. ಅಂದರೆ ಒಂದು ಚಿತ್ರಕ್ಕೆ ಸರಾಸರಿ 35 ಅಚ್ಚು, ಬಣ್ಣದ ಮೇಲೆ ಬಣ್ಣ. 1960ರ ದಶಕದಲ್ಲಿ ಬಂದ, ಈ ಚಿತ್ರಗಳ ಪುಸ್ತಕದ ಫ್ರೆಂಚ್ ಆವೃತ್ತಿಯೊಂದೇ 4 ಸಾವಿರ ಪ್ರತಿ ದಾಟುತ್ತದೆ. ‘ಲಿಮಿಟೆಡ್’ ಎಂಬ ಮಾತಿಗೆ ಮರುಳಾಗಬೇಡಿ. ಪ್ರತಿಯ ಸಂಖ್ಯೆ ಇರುವುದು ಸಂಪುಟದಲ್ಲಿ, ಒಂದೊಂದು ಹಾಳೆಯ ಮೇಲಲ್ಲ. ಕೈಸಹಿಯ ಹಾಳೆಗಳು ಇಲ್ಲವೆಂದಲ್ಲ, ಆದರೆ ಬಲು ಕಡಿಮೆ. ಸಾಮಾನ್ಯ ಹಾಳೆಗೆ ಆಮೇಲೆ ಯಾರೋ ಪೆನ್ಸಿಲ್ ಆಡಿಸಿರುವುದೇ ಹೆಚ್ಚು. ಅಸಲಿ ಸಹಿ ಕೂಡ ಚಿತ್ರದ ಅಸಲಿತನಕ್ಕೆ ಸಾಕ್ಷಿಯಲ್ಲ: ಡಾಲಿ ಖಾಲಿ ಹಾಳೆಗಳಿಗೆ ರಾಶಿಗಟ್ಟಲೆ ಸಹಿ ಹಾಕಿಟ್ಟಿದ್ದ. 1974ರಲ್ಲಿ ಅಂಡೋರಾ ಗಡಿಯಲ್ಲಿ ಫ್ರೆಂಚ್ ಕಸ್ಟಮ್ಸ್‌ನವರು ತಡೆದ ಒಂದೇ ವಾಹನದಲ್ಲಿ ಅಂಥ ಸುಮಾರು 40,000 ಹಾಳೆಗಳಿದ್ದವು.

ಹಾಗಾಗಿ ಸಹಿ ಬಿಟ್ಟು ಶಾಯಿ ನೋಡಿ. 10x ಲೂಪ್, ಅಂದರೆ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಸಾಕು. ಒಂದು ಬಣ್ಣದ ಅಂಚು ಇನ್ನೊಂದರ ಮೇಲೆ ಏರಿರುವ ಜಾಗಕ್ಕೆ ಹಿಡಿಯಿರಿ. ಮರದಚ್ಚಿನ ಪ್ರಿಂಟಾದರೆ ಅಲ್ಲಿ ಶಾಯಿ ತುಂಬಿಕೊಂಡ ಪದರವಾಗಿ ಕಾಣುತ್ತದೆ, ಕೆಳಗಿನ ಬಣ್ಣ ಮೇಲಿನದರಿಂದ ಇಣುಕುತ್ತದೆ. ಅದರ ಬದಲು ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲುಗಟ್ಟಿ ಹೂವಿನಂತೆ ಕೂಡಿಕೊಂಡಿದ್ದರೆ ಅದು ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದದ್ದು, ಅಂದರೆ ಪೋಸ್ಟರ್. ಬಾಕಿ ಮಾತೇ ಬೇಡ.

ಆಮೇಲೆ ಕಾಗದ. ಫ್ರೆಂಚ್ ಆವೃತ್ತಿಯದು ರೀವ್ಸ್ ಕಾಗದ, ಹಾಳೆ ಸುಮಾರು 33 x 26 ಸೆಂ.ಮೀ. ಬೆಳಕಿಗೆ ಹಿಡಿದಾಗ ವಾಟರ್‌ಮಾರ್ಕ್‌ನಲ್ಲಿ (ಕಾಗದದೊಳಗಿನ ತಯಾರಕರ ಗುರುತು) ಮಲಗಿಸಿದ 8ರಂಥ ಅನಂತ ಚಿಹ್ನೆ ಕಂಡರೆ ವಾಪಸ್ ಕೊಡಿ: ಆ ಚಿಹ್ನೆ ಸೇರಿದ್ದೇ 1980ರ ಹೊತ್ತಿಗೆ. ಅಂಚು ಅಳತೆಗಿಂತ ಚಿಕ್ಕದಿದ್ದರೆ ಫ್ರೇಮಿಗೆಂದು ಕತ್ತರಿಸಿದ್ದಾರೆ. ಅಸಲಿಯೇ ಆದರೂ ಬೆಲೆ ಇಳಿಯುತ್ತದೆ. ಬೋರ್ಡಿಗೆ ಅಂಟಿಸಿದ್ದರಂತೂ ಬೇಡವೇ ಬೇಡ, ಬಿಡಿಸಲು ಹೋದರೆ ಹಾಳೆ ಹರಿಯುತ್ತದೆ.

ಚಿತ್ರ ಕಾವ್ಯದ ಮೂರು ಭಾಗಗಳಲ್ಲಿ ಯಾವುದರದ್ದೆಂದು ಆಲ್ಬರ್ಟ್ ಫೀಲ್ಡ್ 1996ರಲ್ಲಿ ತಂದ ಡಾಲಿ ಪ್ರಿಂಟುಗಳ ಕ್ಯಾಟಲಾಗ್‌ನಲ್ಲಿ ಹೊಂದಿಸಿ ನೋಡಿ. ಇನ್‌ಫರ್ನೋಗೆ (ನರಕದ ಭಾಗ) 34 ಚಿತ್ರ, ಉಳಿದೆರಡಕ್ಕೆ 33ರಂತೆ.

ಮಾರುವವರಿಂದ ಫ್ರೇಮು ಬಿಚ್ಚಿದ ಹಾಳೆಯ ಹಿಂದುಮುಂದಿನ ಫೋಟೊ, ಬೆಳಕಿಗೆ ಹಿಡಿದ ಒಂದು ಫೋಟೊ ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ. ಸಾವಿರಾರು ಪ್ರತಿ ಅಚ್ಚಾದ ಸರಕು, ಇನ್ನೊಂದು ಸಿಕ್ಕೇ ಸಿಗುತ್ತದೆ.