ಸ್ವಾಪ್ ಮಾಡಿದರೂ ವ್ಯಾಲ್ಯೂ ಬದಲಾಗುತ್ತಿಲ್ಲ, ಪಾಯಿಂಟರ್ ಹಾಕಿದರೆ ಸೆಗ್ಮೆಂಟೇಶನ್ ಫಾಲ್ಟ್: ಉತ್ತರ

ಸಿ ಭಾಷೆಯಲ್ಲಿ ಎರಡು ವೇರಿಯಬಲ್‌ಗಳ ವ್ಯಾಲ್ಯೂ ಅದಲುಬದಲು ಮಾಡುವ ಸ್ವಾಪ್ ಫಂಕ್ಷನ್ ಬರೆದು, ಎರಡು ಕೋಡ್ ಹಾಕಿ, ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಮೊದಲ ಕೋಡ್‌ನಲ್ಲಿ ಸ್ವಾಪ್(ಎ, ಬಿ) ಕರೆದ ಮೇಲೂ ಎ, ಬಿ ಇದ್ದ ಹಾಗೇ ಇವೆ. ಎರಡನೆಯದರಲ್ಲಿ ಪಾಯಿಂಟರ್ (ಇನ್ನೊಂದು ಜಾಗದ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಬಳಸಿದ್ದೀರಿ, ಅದು ಓಡುವಾಗಲೇ ಸೆಗ್ಮೆಂಟೇಶನ್ ಫಾಲ್ಟ್ ಆಗಿ, ಅಂದರೆ ತನ್ನದಲ್ಲದ ಮೆಮೊರಿ ಜಾಗ ಮುಟ್ಟಿ, ಬೀಳುತ್ತಿದೆ. ಎರಡಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಬರೆಯುತ್ತಿರುವುದು ಯಾವ ಜಾಗಕ್ಕೆ?

ದಯವಿಟ್ಟು ಕಾಗದ ತೆಗೆದುಕೊಂಡು ಎರಡು ಚೌಕ ಬರೆಯಿರಿ. ಒಂದರ ಹೆಸರು ಎ, ಒಳಗೆ 5, ವಿಳಾಸ 1000. ಇನ್ನೊಂದು ಪಿ, ವಿಳಾಸ 2000. ಇಂಟ್ *ಪಿ = &ಎ; ಅಂದಾಗ (& ಅಂದರೆ 'ಇದರ ವಿಳಾಸ') ಪಿ ಒಳಗೆ 1000 ಕೂರುತ್ತದೆ, ಅಷ್ಟೇ. ಪಿ ಕೂಡ ವೇರಿಯಬಲ್ಲೇ, ಅದು ಇಟ್ಟುಕೊಳ್ಳುವುದು ವಿಳಾಸವನ್ನು. ಈಗ *ಪಿ = 9; ಬರೆದರೆ, ಪಿ ಒಳಗಿನ 1000 ಓದಿ, ಆ ವಿಳಾಸದ ಚೌಕಕ್ಕೆ ಹೋಗಿ, 5 ಅಳಿಸಿ 9 ಬರೆಯುತ್ತದೆ. ಪಿ ಬದಲಾಗಲಿಲ್ಲ, ಎ ಬದಲಾಯಿತು.

ಗೊಂದಲ ಹುಟ್ಟುವುದು ಸ್ಟಾರ್‌ಗೆ (*) ಎರಡು ಕೆಲಸ ಇರುವುದರಿಂದ. ವೇರಿಯಬಲ್ ಘೋಷಿಸುವ ಡಿಕ್ಲರೇಶನ್‌ನಲ್ಲಿ ಅದು 'ಇದು ಪಾಯಿಂಟರ್' ಅನ್ನುತ್ತದೆ, ಎಕ್ಸ್‌ಪ್ರೆಶನ್‌ನಲ್ಲಿ 'ಆ ವಿಳಾಸಕ್ಕೆ ಹೋಗು' ಅನ್ನುತ್ತದೆ. ಇಂಟ್ *ಪಿ, ಕ್ಯೂ; ಅಂತ ಬರೆದರೆ ಕ್ಯೂ ಬರೀ ಇಂಟ್ (ಪೂರ್ಣಾಂಕ), ಪಾಯಿಂಟರ್ ಅಲ್ಲ, ಇದನ್ನೂ ಗಮನಿಸಿ.

ಸಿ ಭಾಷೆಯಲ್ಲಿ ಫಂಕ್ಷನ್‌ಗೆ ಹೋಗುವುದು ಯಾವಾಗಲೂ ನಕಲು. ನಿಮ್ಮ ಮೊದಲ ಸ್ವಾಪ್ ನಕಲುಗಳನ್ನೇ ಅದಲುಬದಲು ಮಾಡಿ ಮುಗಿಸಿತು. ಸ್ವಾಪ್(&ಎ, &ಬಿ) ಎಂದು ಕರೆದರೂ ನಕಲೇ ಹೋಗುತ್ತದೆ, ಆದರೆ ವಿಳಾಸದ ನಕಲು, ಅದನ್ನು ಹಿಡಿದು ಮೂಲ ಚೌಕವನ್ನೇ ತಲುಪಬಹುದು. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ಗೆ & ಬೇಕಾಗುವುದೂ ಇದಕ್ಕೇ.

ಎರಡನೇ ಕೋಡ್‌ನ ಸ್ವಾಪ್‌ನಲ್ಲಿ ಎಕ್ಸ್, ವೈ ಎಂಬ ಪಾಯಿಂಟರ್‌ಗಳಿಗೆ ಎ, ಬಿ ವಿಳಾಸಗಳು ಬರುತ್ತವೆ. ಅದು ಬೀಳುವ ಸಾಲು ಇದು: ಇಂಟ್ *ಟಿ; *ಟಿ = *ಎಕ್ಸ್; ಇಲ್ಲಿ ಟಿ ಎಂಬ ಚೌಕವಿದೆ, ಯಾವ ವಿಳಾಸವನ್ನೂ ಹಾಕಿಲ್ಲದ್ದರಿಂದ ಒಳಗೆ ಕಸ. ಆ ಕಸವನ್ನೇ ವಿಳಾಸವೆಂದು ನಂಬಿ ಅಲ್ಲಿಗೆ ಬರೆಯಲು ಹೋಗುತ್ತಿದ್ದೀರಿ. ಆಪರೇಟಿಂಗ್ ಸಿಸ್ಟಮ್ ತಡೆದದ್ದು ಒಳ್ಳೆಯದೇ ಆಯಿತು, ಅದು ತಡೆಯದಿದ್ದಾಗ ಇಂಥ ಕೋಡ್ ಕೆಲವೊಮ್ಮೆ ಸುಮ್ಮನೆ ಬೇರೆ ವೇರಿಯಬಲ್ ಕೆಡಿಸಿಬಿಡುತ್ತದೆ, ಅದನ್ನು ಹುಡುಕುವುದು ಬಹಳ ಕಷ್ಟ. ಟಿಗೆ ಬೇಕಿರುವುದು ಸಂಖ್ಯೆ, ವಿಳಾಸವಲ್ಲ. ಹೀಗೆ ಬರೆಯಿರಿ:

ಇಂಟ್ ಟಿ = *ಎಕ್ಸ್;
*ಎಕ್ಸ್ = *ವೈ;
*ವೈ = ಟಿ;

ಇನ್ನು ಮುಂದೆ ಪಾಯಿಂಟರ್ ಡಿಕ್ಲೇರ್ ಮಾಡುವಾಗ ವಿಳಾಸ ಗೊತ್ತಿಲ್ಲದಿದ್ದರೆ ನಲ್ ('ಯಾವ ಜಾಗವನ್ನೂ ತೋರಿಸುತ್ತಿಲ್ಲ' ಅನ್ನುವ ವ್ಯಾಲ್ಯೂ) ಹಾಕಿ. ಫಂಕ್ಷನ್ ಒಳಗಿನ ಲೋಕಲ್ ವೇರಿಯಬಲ್‌ನ ವಿಳಾಸ ರಿಟರ್ನ್ ಮಾಡಬೇಡಿ, ಫಂಕ್ಷನ್ ಮುಗಿದ ಮೇಲೆ ಆ ಜಾಗ ನಿಮ್ಮದಲ್ಲ. ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲಿ ವಾರ್ನಿಂಗ್‌ಗಳನ್ನು ಆನ್ ಮಾಡಿ ಕಂಪೈಲ್ ಮಾಡಿ, ಮೇಲಿನಂಥ ತಪ್ಪನ್ನು ಸಾಮಾನ್ಯವಾಗಿ ಓಡಿಸುವ ಮೊದಲೇ ತೋರಿಸುತ್ತದೆ.

ಚೌಕಗಳು ಸರಿಯಾಗಿವೆಯೇ ಎಂದು ನೋಡಲು &ಎ, ಪಿ, &ಪಿ ಮೂರನ್ನೂ ಪ್ರಿಂಟ್ ಮಾಡಿ. ಮೊದಲೆರಡು ಒಂದೇ ಬರಬೇಕು, ಮೂರನೆಯದು ಬೇರೆ. ಹಾಗೆ ಬರದಿದ್ದರೆ ಔಟ್‌ಪುಟ್ ಇಲ್ಲೇ ಹಾಕಿ.