ಹೊಗೆಯೂರಿನ ಕವಿಗೆ ಬೇರಿಲ್ಲವೇ?

ಕಳೆದ ಸಂಚಿಕೆಯಲ್ಲಿ ಹದಿನೆಂಟನೆಯ ಶತಮಾನದ ಸ್ಕಾಟಿಷ್ ಕವಿ ರಾಬರ್ಟ್ ಫರ್ಗುಸನ್ ಕುರಿತು ಬಂದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಸ್ಕಾಟ್ಲೆಂಡಿನ ಸತ್ವ ಇರುವುದು ರೈತಕವಿ ರಾಬರ್ಟ್ ಬರ್ನ್ಸ್ ಉತ್ತ ಹೊಲದಲ್ಲಿ. ಎಡಿನ್‌ಬರೊದ ಓಣಿ, ಹೆಂಡದಂಗಡಿಗಳನ್ನು ಹಾಡಿದ ಗುಮಾಸ್ತ ಪರಂಪರೆಯ ಕವಿ ಹೇಗಾದಾನು?’

ಮಾನ್ಯರೇ, ಬರ್ನ್ಸ್ ಮೇಲಿನ ನಿಮ್ಮ ಪ್ರೀತಿ ನನಗೂ ಇದೆ. ಆದರೆ ಹೊಲದಲ್ಲಿ ಮಾತ್ರ ಬೇರಿರುತ್ತದೆ ಎಂಬುದನ್ನು ಒಪ್ಪಲಾರೆ.

ಫರ್ಗುಸನ್ ಹುಟ್ಟಿದ್ದು 1750ರಲ್ಲಿ, ಎಡಿನ್‌ಬರೊದ ಹೈಸ್ಟ್ರೀಟಿನ ಪಕ್ಕದ ಓಣಿಯಲ್ಲಿ. ಅಪ್ಪ ಅಮ್ಮ ಅಬರ್ಡೀನ್‌ಶೈರಿನಿಂದ ಬಂದವರು. ಅಂದಿನ ಎಡಿನ್‌ಬರೊ ಹೇಗಿತ್ತು ನೋಡಿ. 1707ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಇಂಗ್ಲೆಂಡಿನದರೊಂದಿಗೆ ಸೇರಿಹೋದ ಮೇಲೆ ದೊಡ್ಡವರಿಗೆಲ್ಲ ತಮ್ಮ ಮನೆಮಾತೇ ಮೈಲಿಗೆಯಾಗಿತ್ತು. 1761ರಲ್ಲಿ ಐರಿಷ್ ನಟನೊಬ್ಬ ಬಂದು ಇಂಗ್ಲಿಷ್ ಉಚ್ಚಾರಣೆಯ ಪಾಠ ಹೇಳಿದಾಗ ಊರಿನ ಗಣ್ಯರು ಮುಗಿಬಿದ್ದು ಕೇಳಿದರು. (ಈ ದೃಶ್ಯ ನಮಗೆ ಅಪರಿಚಿತವೇನಲ್ಲ!) ಹಾಗಾದರೆ ಸ್ಕಾಟ್ಸ್ ನುಡಿ ಉಳಿದದ್ದು ಎಲ್ಲಿ? ಮೀನು ಮಾರುವವರ, ಮನೆಗೆಲಸದ ಹೆಣ್ಣುಮಕ್ಕಳ, ಕಾವಲುಗಾರರ ಬಾಯಲ್ಲಿ. ಹಗಲೆಲ್ಲ ಕಚೇರಿಯಲ್ಲಿ ಕಾಗದಪತ್ರ ನಕಲು ಮಾಡುತ್ತಿದ್ದ ಫರ್ಗುಸನ್ ಕಿವಿಗೊಟ್ಟದ್ದು ಅವರಿಗೆ. ಊರಿಗೆ ಜನ ಇಟ್ಟಿದ್ದ ಅಡ್ಡಹೆಸರು ‘ಆಲ್ಡ್ ರೀಕಿ’, ಅಂದರೆ ಮುದಿ ಹೊಗೆಯೂರು. 1773ರ ಅವನ ದೀರ್ಘ ಕವನದ ಹೆಸರೂ ಅದೇ. ಬೆಳಗಾಗುತ್ತಲೇ ಬರಿಗಾಲ ಕೆಲಸದವಳು ಮೇಲಿನಿಂದ ಸುರಿಯುವ ಕೊಳಕನ್ನು ಅದರಲ್ಲಿ ಅವನು ಎಡಿನ್‌ಬರೊದ ಗುಲಾಬಿ ಎಂದು ಕರೆಯುತ್ತಾನೆ. ಸಿಟ್ಟಿಲ್ಲ, ಮೂಗು ಮುಚ್ಚಿಕೊಂಡ ನಗು.

ಇನ್ನು ಛಂದಸ್ಸು. ಹದಿನೇಳನೆಯ ಶತಮಾನದಲ್ಲಿ ಹ್ಯಾಬಿ ಸಿಂಪ್ಸನ್ ಎಂಬ ಹಳ್ಳಿಯ ವಾದ್ಯಗಾರನ ಚರಮಗೀತೆಯಿಂದ ಹೆಸರು ಪಡೆದ ಆರು ಸಾಲಿನ ಪದ್ಯವೊಂದಿದೆ. ಫರ್ಗುಸನ್ ಅದರಲ್ಲಿ ಪೇಟೆಯಲ್ಲಿ ಜನ ತಿನ್ನುವ ಸಿಂಪಿಯನ್ನೂ (ಆಯ್ಸ್ಟರ್) ವರ್ಷಾಂತ್ಯದ ಕುಡಿತವನ್ನೂ ಹಾಡಿದ. ಅವನ್ನು ಅಚ್ಚು ಹಾಕಿದ್ದು ಒಂದು ವಾರಪತ್ರಿಕೆ ಎಂಬುದು ನನ್ನಂಥ ಸಂಪಾದಕನಿಗೆ ಸಣ್ಣ ಹೆಮ್ಮೆ. ಮುಂದೆ ಬರ್ನ್ಸ್ ಕೈಯಲ್ಲಿ ಎಷ್ಟು ಪಳಗಿತೆಂದರೆ ಆ ಪದ್ಯಕ್ಕೆ ಅವನ ಹೆಸರೇ ಅಂಟಿತು. ನಿಮ್ಮ ಹೊಲದ ಕವಿಗೆ ದಾರಿ ತೋರಿದ್ದು ನನ್ನ ಪೇಟೆಯ ಗುಮಾಸ್ತ!

1774ರಲ್ಲಿ, ಹುಚ್ಚಾಸ್ಪತ್ರೆಯಲ್ಲಿ ಫರ್ಗುಸನ್ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕು. ಕ್ಯಾನನ್‌ಗೇಟ್ ಚರ್ಚಿನ ಅಂಗಳದಲ್ಲಿ ಹೂತ ಜಾಗಕ್ಕೆ ಗುರುತಿನ ಕಲ್ಲೂ ಇರಲಿಲ್ಲ. 1787ರಲ್ಲಿ ಎಡಿನ್‌ಬರೊಗೆ ಬಂದಿದ್ದ ಬರ್ನ್ಸ್ ಅನುಮತಿ ಬೇಡಿ, ತನ್ನ ಖರ್ಚಿನಲ್ಲಿ ಕಲ್ಲು ಹಾಕಿಸಲು ಹೇಳಿದ. ಅಣ್ಣ ಎಂದೇ ಅವನನ್ನು ಕರೆದ. ಕಲ್ಲು ನಿಲ್ಲಿಸಲು ಕೆಲಸದವನು ಎರಡು ವರ್ಷ ತೆಗೆದುಕೊಂಡ, ಹಣ ಕೊಡಲು ತಾನೂ ಎರಡು ವರ್ಷ ತೆಗೆದುಕೊಂಡೆ, ಲೆಕ್ಕ ಚುಕ್ತಾ ಎಂದು ಆಮೇಲೆ ಗೆಳೆಯನಿಗೆ ಬರೆದ ಪತ್ರದಲ್ಲಿ ತಮಾಷೆ ಮಾಡಿದ್ದಾನೆ.