ಕೈ ಗುಲಾಬಿಯಾದರೆ ಸಾಕಾ?

ಓದುಗರ ಪತ್ರ: ನಾನು ಬಿ.ಎಸ್ಸಿ. ಕೊನೇ ವರ್ಷದಲ್ಲಿದ್ದೇನೆ. ಕೆಮಿಸ್ಟ್ರಿ ಇಷ್ಟದ ವಿಷಯ. ಮುಂದೆ ಅಪರಾಧ ತನಿಖೆಯಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂಬ ಆಸೆ. ಓದಿದರೆ ತನಿಖಾಧಿಕಾರಿ ಆಗುತ್ತೇನಾ? ಅಪ್ಪ ಮಾತ್ರ "ಎಸ್‌ಐ ಆಗೋಕೆ ಡಿಗ್ರಿ ಸಾಕು, ಅದರ ಮೇಲೆ ಎರಡು ವರ್ಷ ದುಡ್ಡು ಸುರಿಯೋದ್ಯಾಕೆ, ಸುಮ್ನೆ ಬಿ.ಎಡ್. ಮಾಡು" ಅನ್ನುತ್ತಾರೆ. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಆಗುವುದಿಲ್ಲ. ಬೇಜಾರಾಗಬೇಡಿ, ಪೂರ್ತಿ ಕೇಳಿ. ನಮ್ಮ ಕಾನೂನಿನಲ್ಲಿ ತನಿಖೆ ಮಾಡುವ ಅಧಿಕಾರ ಇರುವುದು ಪೊಲೀಸ್ ಅಧಿಕಾರಿಗೆ, ಎಂ.ಎ. ಸರ್ಟಿಫಿಕೇಟಿಗಲ್ಲ. ಪಿಎಸ್‌ಐ ಹುದ್ದೆಗೆ ಯಾವುದಾದರೂ ಒಂದು ಪದವಿ ಸಾಕು. ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ ದಾಟಬೇಕು, ಆಮೇಲೆ ತರಬೇತಿ. ವಯಸ್ಸಿನ ಮಿತಿಯೂ ಇದೆ, ಅದು ನಿಮ್ಮ ಓದು ಮುಗಿಯಲಿ ಅಂತ ಕಾಯುವುದಿಲ್ಲ. ಇಷ್ಟರ ಮಟ್ಟಿಗೆ ನಿಮ್ಮಪ್ಪನ ಲೆಕ್ಕ ಸರಿ. ಆದರೆ ಆ ಎರಡು ವರ್ಷ ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಿಮಗೆ ಕೆಮಿಸ್ಟ್ರಿ ಇಷ್ಟ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಟೈಟ್ರೇಶನ್ ಮಾಡುವಾಗ ಬ್ಯುರೆಟ್ಟಿನಿಂದ ಒಂದು ಹನಿ ಜಾಸ್ತಿ ಬಿದ್ದರೆ ಫ್ಲಾಸ್ಕ್ ತುಂಬ ಗುಲಾಬಿ ಬಣ್ಣ. ಆ ಬಣ್ಣ ತೋರಿಸುವ ಫಿನಾಲ್ಫ್ಥಲೀನ್, ಲಂಚಕೋರರನ್ನು ಹಿಡಿಯುವ ಲೋಕಾಯುಕ್ತದವರ ಹಳೇ ಗೆಳೆಯ. ದೂರುದಾರ ತಂದ ನೋಟುಗಳಿಗೆ ಅದರ ಪುಡಿ ಸವರುತ್ತಾರೆ. ನೋಟಿನ ನಂಬರುಗಳನ್ನು ಪಂಚರ (ಸ್ವತಂತ್ರ ಸಾಕ್ಷಿಗಳ) ಎದುರು ಬರೆದುಕೊಳ್ಳುತ್ತಾರೆ. ಸಾಹೇಬರು ಹಣ ಮುಟ್ಟಿದ ಮೇಲೆ ಅವರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ. ಅದನ್ನು ಬಾಟಲಿಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಪಂಚರ ಸಹಿ ಹಾಕಿಸಿ ಲ್ಯಾಬಿಗೆ ಕಳಿಸುತ್ತಾರೆ. ಮಾರನೇ ದಿನದ ಪೇಪರಿನಲ್ಲಿ "ಲೋಕಾ ಬಲೆಗೆ" ಅಂತ ಓದುತ್ತೇವೆ. ನಮ್ಮ ಮಟ್ಟಿಗೆ ಕೇಸು ಅಲ್ಲಿಗೆ ಮುಗಿಯಿತು.

ಕೋರ್ಟಿನಲ್ಲಿ ಅದು ಶುರುವಾಗುವುದೇ ಅಲ್ಲಿಂದ. ಗುಲಾಬಿ ನೀರು ಹೇಳುವುದು ಒಂದೇ ಮಾತು: ಈ ಕೈ ಆ ಪುಡಿಯನ್ನು ಮುಟ್ಟಿದೆ. ಲಂಚ ಕೇಳಿದ್ದರು ಅಂತ ಅದು ಹೇಳುವುದಿಲ್ಲ. "ಬೇಡ ಅಂದರೂ ಜೇಬಿಗೆ ತುರುಕಿದ", "ಹಳೇ ಸಾಲ ವಾಪಸ್ ಕೊಟ್ಟ" ಅಂತ ಆರೋಪಿ ಅಂದರೆ ಕೆಮಿಸ್ಟ್ರಿ ಬಾಯಿ ಮುಚ್ಚಿಕೊಂಡು ಕೂರಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೀರಜ್ ದತ್ತಾ ಪ್ರಕರಣದಲ್ಲಿ, ಇದನ್ನೇ ಮತ್ತೆ ಹೇಳಿತು. ಹಣ ಕೇಳಿದ್ದೂ ಸಾಬೀತಾಗಬೇಕು, ಪಡೆದದ್ದೂ ಸಾಬೀತಾಗಬೇಕು. ದೂರುದಾರ ತೀರಿಕೊಂಡರೆ, ಇಲ್ಲವೇ ತಿರುಗಿಬಿದ್ದರೆ, ಬೇರೆ ಸಾಕ್ಷ್ಯ, ಸಾಂದರ್ಭಿಕ ಸಾಕ್ಷ್ಯದ ಮೇಲೂ ಸಾಬೀತು ಮಾಡಬಹುದು. ಆ "ಬೇರೆ ಸಾಕ್ಷ್ಯ" ಎಲ್ಲಿಂದ ಬರಬೇಕು? ದೂರುದಾರನ ಹಿಂದೆಯೇ ಹೋಗಿ ಬಾಗಿಲ ಹತ್ತಿರ ನಿಂತಿದ್ದ ನೆರಳು ಪಂಚ ಕೇಳಿಸಿಕೊಂಡ ಮಾತಿನಿಂದ, ರೆಕಾರ್ಡರಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಆ ಸಂಜೆ ಬರೆದ ಮಹಜರಿನಿಂದ, ಅಂದರೆ ಪಂಚರ ಎದುರು ಕಂಡದ್ದು, ವಶಪಡಿಸಿಕೊಂಡದ್ದರ ದಾಖಲೆಯಿಂದ.

ಹಾಗಾಗಿ ನನ್ನ ಮಟ್ಟಿಗೆ ತನಿಖೆ ಅಂದರೆ ಮುಕ್ಕಾಲು ಪಾಲು ಬರವಣಿಗೆ. ಇದು ನನ್ನ ಕಸುಬಿನ ಚಟ ಅಂತ ನಗಬೇಡಿ, ಕಣ್ಣಾರೆ ಕಂಡಿದ್ದೇನೆ.

ಶುರುವಿನ ದಿನಗಳಲ್ಲಿ ನಾನು ಕೋರ್ಟ್ ವರದಿಗಾರ. ಒಂದು ಕೊಲೆ ಕೇಸಿನಲ್ಲಿ ತನಿಖಾಧಿಕಾರಿ ಕಟಕಟೆ ಹತ್ತಿದ್ದರು. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟು ಕೆಲಸ ಮಾಡಿದ್ದರು. ಆರೋಪಿ ಪರ ವಕೀಲರು ರಕ್ತದ ಸುದ್ದಿಗೇ ಹೋಗಲಿಲ್ಲ.

"ಮಹಜರು ಎಲ್ಲಿ ಬರೆದಿರಿ?"

"ಸ್ಥಳದಲ್ಲೇ, ಹೊಲದ ಬದುವಿನ ಮೇಲೆ ಕೂತು."

"ಎಷ್ಟು ಹೊತ್ತಿಗೆ?"

"ಸಂಜೆ ಏಳೂವರೆಗೆ."

"ಯಾವ ಬೆಳಕಿನಲ್ಲಿ?"

ಅಧಿಕಾರಿ ಹಾಳೆ ತಿರುವಿದರು. ಮತ್ತೆ ತಿರುವಿದರು. ಟಾರ್ಚ್ ಇತ್ತು ಅಂದರು. ಬರೆದಿಲ್ಲವಲ್ಲ ಅಂದರು ವಕೀಲರು. ಅದಕ್ಕೂ ಮೊದಲು ಪಂಚನೊಬ್ಬ "ನಾನು ಸಹಿ ಹಾಕಿದ್ದು ಠಾಣೆ ಎದುರಿನ ಟೀ ಅಂಗಡೀಲಿ ಸ್ವಾಮಿ" ಅಂದು ಹೋಗಿದ್ದ. ರಕ್ತದ ಅಂಗಿ ಕೂಡ ಒದ್ದೆಯಿದ್ದಾಗಲೇ ಪ್ಲಾಸ್ಟಿಕ್ ಕವರಿಗೆ ಸೇರಿ, ಬೂಸ್ಟು ಹಿಡಿದು, ಲ್ಯಾಬಿನಲ್ಲಿ ಉಪಯೋಗಕ್ಕೆ ಬಂದಿರಲಿಲ್ಲ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು ಅನ್ನುವಷ್ಟೇ ವಿಷಯ. ಆರೋಪಿ ಬಿಡುಗಡೆಯಾದ.

ಇಂಥ ಸಣ್ಣ ಸಣ್ಣ ಸಂಗತಿಗಳೇ ಓದಿನ ವಿಷಯವಾದದ್ದು ಈಚಿನದೇನಲ್ಲ. ಆಸ್ಟ್ರಿಯಾದ ಹಾನ್ಸ್ ಗ್ರೋಸ್ ಎಂಬ ತನಿಖಾ ಮ್ಯಾಜಿಸ್ಟ್ರೇಟ್ ತನ್ನ ಅನುಭವವನ್ನೆಲ್ಲ 1893ರಲ್ಲಿ ಒಂದು ದಪ್ಪ ಕೈಪಿಡಿಯಾಗಿ ತಂದ. ಇಂಗ್ಲಿಷಿಗೆ ಅದನ್ನು ತಂದವರು ಮದ್ರಾಸಿನ ಇಬ್ಬರು ಸರ್ಕಾರಿ ವಕೀಲರು. ಅಚ್ಚಾದದ್ದೂ 1906ರಲ್ಲಿ ಮದ್ರಾಸಿನಲ್ಲೇ. ಈ ವಿದ್ಯೆ ನಮ್ಮ ಪಕ್ಕದ ಮನೆಗೆ ಬಂದು ನೂರು ವರ್ಷ ದಾಟಿದೆ, ನಾವಿನ್ನೂ ಅದನ್ನು "ಹೊಸ ಕೋರ್ಸ್" ಅನ್ನುತ್ತಿದ್ದೇವೆ.

ಈಗ ಎಲ್ಲಿ, ಏನು ಓದುವುದು? ನಿಮಗೆ ಧಾರವಾಡ ಹತ್ತಿರ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಧಾರವಾಡಕ್ಕೆ ಬಂದಿದೆ, 2023ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಎರಡು ದಾರಿಗಳ ವ್ಯತ್ಯಾಸ ತಿಳಿದಿರಲಿ. ಕ್ರಿಮಿನಾಲಜಿ, ಅಂದರೆ ಅಪರಾಧಶಾಸ್ತ್ರ, ಕೇಳುವುದು ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ, ಸಮಾಜ ಅವನನ್ನು ಏನು ಮಾಡುತ್ತದೆ ಅಂತ. ಫೊರೆನ್ಸಿಕ್, ಅಂದರೆ ವಿಧಿವಿಜ್ಞಾನ, ಕೇಳುವುದು ಈ ಕಲೆ ಏನು, ಈ ಗುಂಡು ಯಾವ ಬಂದೂಕಿನದು ಅಂತ. ನೀವು ಕೇಳಿದ "ತನಿಖೆ" ಇವೆರಡರ ನಡುವಿನ ಸಂದಿಯಲ್ಲಿ ಬೀಳುತ್ತದೆ. ಎರಡರಲ್ಲೂ ಅದನ್ನು ಪೂರ್ತಿ ಕಲಿಸುವುದಿಲ್ಲ. ನಿಮ್ಮ ಕೆಮಿಸ್ಟ್ರಿ ನೋಡಿದರೆ ನಾನು ಎಂ.ಎಸ್ಸಿ. ಫೊರೆನ್ಸಿಕ್ ಕಡೆಗೇ ವಾಲುತ್ತೇನೆ, ಜೊತೆಗೆ ಕಾನೂನನ್ನು ನೀವೇ ಹಟ ಹಿಡಿದು ಓದಿಕೊಳ್ಳಬೇಕು. ವಿಷದ ಕೇಸಿನಲ್ಲಿ ಒಳಾಂಗಗಳನ್ನು ಫಾರ್ಮಲಿನ್‌ನಲ್ಲಿ ಯಾಕೆ ಇಡಬಾರದು, ಗಟ್ಟಿ ಉಪ್ಪಿನ ದ್ರಾವಣವೇ ಯಾಕೆ, ಆ ದ್ರಾವಣದ ಸ್ಯಾಂಪಲ್ಲನ್ನೂ ಬೇರೆ ಬಾಟಲಿಯಲ್ಲಿ ಯಾಕೆ ಕಳಿಸಬೇಕು: ಇದನ್ನೆಲ್ಲ ನಿಮಗೆ ಬಾಯಿಪಾಠ ಮಾಡಿಸಬೇಕಿಲ್ಲ, ಕಾರಣ ಹೇಳಿದರೆ ಸಾಕು.

ಸೇರುವ ಮುಂಚೆ ಸಿಲಬಸ್ ತರಿಸಿಕೊಂಡು ಓದಿ. 2024ರ ಜುಲೈ 1ರಿಂದ ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ತನಿಖೆ, ವಿಚಾರಣೆಯ ವಿಧಾನ ಹೇಳುವ ಕಾನೂನು), ಸಾಕ್ಷ್ಯ ಕಾಯ್ದೆಗಳ ಜಾಗದಲ್ಲಿ ಹೊಸ ಮೂರು ಕಾನೂನುಗಳು ಜಾರಿಯಲ್ಲಿವೆ. ಪಾಠ ಇನ್ನೂ ಬರೀ ಸಿಆರ್‌ಪಿಸಿಯಲ್ಲೇ ನಿಂತಿದ್ದರೆ ಆ ಕಾಲೇಜು ಬೇಡ. ಹಳೆಯದನ್ನು ಪೂರ್ತಿ ಕೈಬಿಟ್ಟಿದ್ದರೂ ಕಷ್ಟ, ಯಾಕೆಂದರೆ ಆ ದಿನಕ್ಕಿಂತ ಮುಂಚೆ ನಡೆದ ಅಪರಾಧಗಳಿಗೆ ಐಪಿಸಿಯೇ ಅನ್ವಯ, ಆ ಕೇಸುಗಳು ಇನ್ನೂ ಎಷ್ಟೋ ವರ್ಷ ಎಳೆಯುತ್ತವೆ. ಕ್ಲಾಸಿನಲ್ಲಿ ಹುಡುಗರ ಕೈಲಿ ಮಹಜರು ಬರೆಸುತ್ತಾರಾ, ಬರೆದವರನ್ನು ನಿಲ್ಲಿಸಿ ಪಾಟೀಸವಾಲು ಮಾಡಿಸುತ್ತಾರಾ ಅಂತ ಹಳೇ ವಿದ್ಯಾರ್ಥಿಗಳನ್ನು ಕೇಳಿ. ನನಗೆ ಮೈಕ್ರೋಸ್ಕೋಪಿನ ಲೆಕ್ಕಕ್ಕಿಂತ ಇದು ಮುಖ್ಯ.

ಕೆಲಸದ ಮಾತು. ಸಿಆರ್‌ಪಿಸಿಯ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಗಡುವು ಕೊಟ್ಟಿದ್ದಾರೆ. ಶೋಧ, ಜಪ್ತಿಯನ್ನು ವಿಡಿಯೊ ಮಾಡಬೇಕು ಅನ್ನುತ್ತದೆ 105ನೇ ಕಲಂ. ಅಂದರೆ ಜನ ಬೇಕು. ನಮ್ಮ ರಾಜ್ಯದಲ್ಲಿ "ಸೀನ್ ಆಫ್ ಕ್ರೈಮ್ ಆಫೀಸರ್" ಅಂತಲೇ ಹುದ್ದೆಗಳಿವೆ, ವಿಜ್ಞಾನ ಓದಿದವರಿಗೆ. ಆದರೆ ಅವರು ಸಾಕ್ಷ್ಯ ಎತ್ತಿಕೊಡುವವರು. ಕೇಸಿನ ಹೊಣೆ ಆಗಲೂ ಪೊಲೀಸ್ ಅಧಿಕಾರಿಯದ್ದೇ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್‌ನಂಥ ಲ್ಯಾಬುಗಳಿವೆ. ಪಾಠ ಮಾಡುವ ಮನಸ್ಸಿದ್ದರೆ ನೆಟ್ (ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ) ಬರೆಯಬಹುದು, ಹಾಗಾದರೆ ನಿಮ್ಮಪ್ಪನ ಮೇಷ್ಟ್ರ ಆಸೆಯೂ ಈಡೇರಿತು, ಅಲ್ವಾ? ಖಾಸಗಿ ಪತ್ತೇದಾರಿ ಏಜೆನ್ಸಿಗಳ ಜಾಹೀರಾತು ನೋಡಿ ಮರುಳಾಗಬೇಡಿ. ಅವುಗಳನ್ನು ನಿಯಂತ್ರಿಸುವ ಮಸೂದೆ 2007ರಲ್ಲಿ ಬಂತು, ಕಾನೂನಾಗಲಿಲ್ಲ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಖರ್ಚು ಬರೀ ಬಸ್ ಚಾರ್ಜು. ಹಾವೇರಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ಸಾಮಾನ್ಯವಾಗಿ ಕಲಾಪವನ್ನು ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು. ಯಾವ ಸೆಷನ್ಸ್ ಕೇಸಿನಲ್ಲಿ ತನಿಖಾಧಿಕಾರಿಯ ಸಾಕ್ಷ್ಯ ಇದೆ ಅಂತ ಬೆಂಚ್ ಕ್ಲರ್ಕನ್ನೋ ಪರಿಚಯದ ವಕೀಲರನ್ನೋ ವಿಚಾರಿಸಿ. ಅವರ ಸರದಿ ಬರುವುದು ಹೆಚ್ಚಾಗಿ ಕೊನೆಯಲ್ಲಿ, ಹಾಗಾಗಿ ಎರಡು ಮೂರು ಸಲ ಹೋಗಬೇಕಾದೀತು. ಒಂದು ನೋಟ್‌ಬುಕ್ ಒಯ್ಯಿರಿ, ಮೊಬೈಲ್ ಆಫ್ ಮಾಡಿ. ಅಪ್ಪನನ್ನೂ ಕರೆದುಕೊಂಡು ಹೋಗಿ, ವಾಪಸ್ ಬರುವಾಗ ಬಸ್ಸಿನಲ್ಲಿ ಬಿ.ಎಡ್. ಮಾತು ತೆಗೆಯುತ್ತಾರಾ ನೋಡಿ. ತೆಗೆದರೆ ನನಗೆ ಮತ್ತೊಂದು ಪತ್ರ ಬರೆಯಿರಿ.